ಒಂದೇ ಒಲೆಯ ಅನ್ನ ಉಂಡವರು

ನಮ್ಮ ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವರಾದ ನಮ್ಮ ತಂದೆ ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆಯುವ ರೈಟರಾಗಿ ದುಡಿದವರು. ಅವರಿಗಿಂತ ಎರಡು ವರ್ಷಕ್ಕೆ ಚಿಕ್ಕವರಾದ ಚಿಕ್ಕಪ್ಪ ಅದೇ ತೋಟದಲ್ಲಿ ಮೇಸ್ತ್ರಿಯಾಗಿದ್ದವರು. ಇಬ್ಬರೂ ಒಂದೇ ಒಲೆಯ ಅನ್ನ ಉಂಡು, ಒಂದೇ ಕಂಬಳಿ ಹೊದ್ದು, ಒಂದೇ ಶಾಲೆಗೆ ಮಳೆಯಲ್ಲಿ ನಡೆದು ಬೆಳೆದವರು. ತಂದೆ ಜೀವಮಾನದಲ್ಲಿ ಮದ್ಯವನ್ನು ಮುಟ್ಟಲಿಲ್ಲ. ಚಿಕ್ಕಪ್ಪ ನಲವತ್ತು ದಾಟುವಷ್ಟರಲ್ಲಿ, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ತೊಂಬತ್ತು ಮಿಲಿಯ ಒಂದು ಪ್ಯಾಕೆಟ್ ಒಳಗೆ ಹೋಗದಿದ್ದರೆ ಕಾಫಿ ಲೋಟ ಹಿಡಿಯಲೂ ಕೈ ನಿಲ್ಲದ ಸ್ಥಿತಿಗೆ ಬಂದಿದ್ದರು. ಅಜ್ಜನೂ ಕುಡಿಯುತ್ತಿದ್ದುದರಿಂದ ಅಜ್ಜಿ ‘ಅದು ಅಪ್ಪನ ರಕ್ತ, ಯಾರು ಏನು ಮಾಡಿದರೂ ಹೋಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್ ಮನೆಗಳ ಜನ ‘ಸಹವಾಸ ದೋಷ’ ಎನ್ನುತ್ತಿದ್ದರು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನಾನು ಈ ಎರಡು ಮಾತುಗಳಲ್ಲಿ ಯಾವುದು ಸರಿ ಎಂದು ತಿಳಿಯುವ ಹಟದಿಂದಲೇ ಈ ವಿಷಯದ ಸಂಶೋಧನೆಗಳನ್ನು ಓದಲು ಆರಂಭಿಸಿದೆ. ಓದುತ್ತ ಹೋದ ಹಾಗೆ, ‘ರಕ್ತವೋ ಸಹವಾಸವೋ’ ಎಂದು ಕೇಳುವ ಆ ಪ್ರಶ್ನೆಯನ್ನೇ ನಾವು ತಪ್ಪಾಗಿ ಕೇಳುತ್ತಿದ್ದೇವೆ ಎಂಬುದು ನನಗೆ ಮನವರಿಕೆಯಾಯಿತು.

ಮೊದಲಿಗೆ ಹೆಸರಿನ ವಿಷಯ. ‘ಕುಡುಕ’ ಎಂಬ ನಮ್ಮ ಪದ ಒಬ್ಬ ಮನುಷ್ಯನನ್ನು ಇಡಿಯಾಗಿ ನುಂಗಿಬಿಡುತ್ತದೆ. ಅವನು ಎಷ್ಟು, ಯಾವಾಗ, ಯಾಕೆ ಕುಡಿಯುತ್ತಾನೆ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಬಂದಾಗ, ಅದುವರೆಗೆ ‘ದುರ್ಬಳಕೆ’ ಮತ್ತು ‘ಅವಲಂಬನೆ’ ಎಂದು ಬೇರೆ ಬೇರೆಯಾಗಿದ್ದ ಎರಡು ರೋಗಗಳನ್ನು ಸೇರಿಸಿ, ಮದ್ಯ ಬಳಕೆಯ ಅಸ್ವಸ್ಥತೆ ಎಂಬ ಒಂದೇ ಹೆಸರಿನಡಿ 11 ಲಕ್ಷಣಗಳನ್ನು ಪಟ್ಟಿ ಮಾಡಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿಯುವುದು, ಬಿಡಬೇಕೆಂದು ಹೊರಟು ಸೋಲುವುದು, ಮನಸ್ಸು ಅದಕ್ಕಾಗಿಯೇ ಹಾತೊರೆಯುವುದು, ಕೆಲಸ ಕೆಡುವುದು, ಮನೆಯಲ್ಲಿ ಜಗಳವಾದರೂ ಮುಂದುವರಿಸುವುದು, ಮೊದಲಿನ ಅಮಲು ಬರಲು ಹೆಚ್ಚು ಹೆಚ್ಚು ಬೇಕಾಗುವುದು, ನಿಲ್ಲಿಸಿದಾಗ ಮೈ ನಡುಗುವುದು ಮುಂತಾದವು ಅವು. ಹನ್ನೆರಡು ತಿಂಗಳಲ್ಲಿ ಎರಡು ಕಂಡರೂ ಅದು ಅಸ್ವಸ್ಥತೆಯೇ. ಎರಡು ಮೂರಿದ್ದರೆ ಸೌಮ್ಯ, ನಾಲ್ಕು ಐದಿದ್ದರೆ ಮಧ್ಯಮ, ಆರು ಮತ್ತು ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ಚಿಕ್ಕಪ್ಪನನ್ನು ನೆನೆದು ನಾನು ಒಂದು ರಾತ್ರಿ ಎಣಿಸಿದೆ. ಒಂಬತ್ತು ಸಿಕ್ಕಿದವು. ಆದರೆ ಅವರಿಗೆ ಮೂರೇ ಲಕ್ಷಣಗಳಿದ್ದ ಕಾಲವೊಂದು ಖಂಡಿತವಾಗಿ ಇತ್ತು, ಆಗ ನಾವೆಲ್ಲರೂ ‘ಇನ್ನೂ ಅಂಥದ್ದೇನೂ ಆಗಿಲ್ಲ’ ಎಂದುಕೊಂಡು ಸುಮ್ಮನಿದ್ದೆವು ಎಂಬುದೇ ನನ್ನನ್ನು ಹೆಚ್ಚು ನೋಯಿಸಿದ್ದು.

ಅಜ್ಜಿಯ ಮಾತಿನಲ್ಲಿ ಸತ್ಯವಿಲ್ಲ ಎನ್ನುವಂತಿಲ್ಲ. ಅದನ್ನು ಪರೀಕ್ಷಿಸುವ ದಾರಿ ಎಂದರೆ, ಕುಡಿಯುವ ತಂದೆಗೆ ಹುಟ್ಟಿ ಆ ಮನೆಯಲ್ಲಿ ಬೆಳೆಯದ ಮಕ್ಕಳನ್ನು ಹುಡುಕಿ ನೋಡುವುದು. ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹಿಡಿದು ಇದನ್ನೇ ಮಾಡಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದ ಆರು ವಾರಗಳೊಳಗೇ ಬೇರೆ ಮನೆಗಳಿಗೆ ಹೋಗಿ ಬೆಳೆದ ಗಂಡುಮಕ್ಕಳಲ್ಲಿ, ಹೆತ್ತವರಿಗೆ ಕುಡಿತದ ರೋಗವಿದ್ದ 55 ಮಂದಿಯ ಪೈಕಿ ಶೇಕಡ 18ರಷ್ಟು ಜನ ಮೂವತ್ತರ ಆಸುಪಾಸಿನಲ್ಲೇ ಅದೇ ರೋಗಕ್ಕೆ ಬಿದ್ದಿದ್ದರು. ಹಾಗಿಲ್ಲದ ಹೆತ್ತವರ 78 ಮಂದಿಯಲ್ಲಿ ಈ ಪ್ರಮಾಣ ಶೇಕಡ 5. ಆಮೇಲೆ ಅನೇಕ ದೇಶಗಳಲ್ಲಿ ಅವಳಿಗಳನ್ನು ಹೋಲಿಸಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧಭಾಗ ಆನುವಂಶಿಕ ಎಂಬ ಅಂಕಿ ಗಟ್ಟಿಯಾಯಿತು.

ಈ ‘ಅರ್ಧಭಾಗ’ ಎಂಬ ಮಾತನ್ನು ಓದಿದವರೂ ತಪ್ಪಾಗಿ ತಿಳಿಯುತ್ತಾರೆ. ಚಿಕ್ಕಪ್ಪನ ಕುಡಿತದಲ್ಲಿ ಅರ್ಧ ಬಾಟಲಿ ಅಜ್ಜನದು, ಇನ್ನರ್ಧ ಗೆಳೆಯರದು ಎಂದು ಅದರ ಅರ್ಥವಲ್ಲ. ನಮ್ಮ ಕಡೆಯವರಿಗೆ ಇದನ್ನು ಕಾಫಿ ಗಿಡದ ಮೂಲಕ ಹೇಳುವುದು ಸುಲಭ. ಅರೇಬಿಕಾ ಬೆಳೆಯುವ ಪ್ರತಿಯೊಬ್ಬರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕ ಎಂಬ ದುಂಬಿ ರೋಬಸ್ಟಾ ಗಿಡದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅದು ತಳಿಯ ಗುಣ. ಆದರೆ ಅದೇ ಅರೇಬಿಕಾ ಗಿಡ ಒಳ್ಳೆಯ ನೆರಳಿನಲ್ಲಿದ್ದರೆ ಉಳಿಯುವ ಸಂಭವ ಹೆಚ್ಚು, ಯಾಕೆಂದರೆ ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿಕೊಂಡು ಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ತೋಟದ ತುಂಬ ಒಂದೇ ಹದದ ನೆರಳಿದ್ದರೆ, ಯಾವ ಗಿಡ ಸತ್ತಿತು ಯಾವುದು ಉಳಿಯಿತು ಎಂಬ ವ್ಯತ್ಯಾಸಕ್ಕೆಲ್ಲ ತಳಿಯೇ ಕಾರಣವಾಗಿ ಕಾಣುತ್ತದೆ. ತೋಟದ ತುಂಬ ಒಂದೇ ತಳಿಯಿದ್ದು, ಅರ್ಧದಲ್ಲಿ ನೆರಳಿನ ಮರ ಕಡಿದಿದ್ದರೆ, ವ್ಯತ್ಯಾಸವೆಲ್ಲ ನೆರಳಿನದಾಗುತ್ತದೆ. ಆನುವಂಶಿಕತೆಯ ಶೇಕಡಾವಾರು ಎಂಬುದು ಒಂದು ತೋಟದ ಲೆಕ್ಕವೇ ಹೊರತು ಒಂದು ಗಿಡದ ಹಣೆಬರಹವಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ಬಳಿ ಹೋಗಿ ‘ಗಿಡ ಸತ್ತದ್ದು ತಳಿಯಿಂದಲೋ ಬಿಸಿಲಿನಿಂದಲೋ, ಒಂದನ್ನು ಹೇಳಿ’ ಎಂದು ಯಾವ ಬೆಳೆಗಾರನೂ ಕೇಳುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಆ ಪ್ರಶ್ನೆ ಕೇಳುತ್ತೇವೆ.

ಇದು ಬರಿಯ ಹೋಲಿಕೆಯಲ್ಲ ಎನ್ನುವುದಕ್ಕೆ ಫಿನ್ಲೆಂಡಿನ ಹದಿಹರೆಯದ ಅವಳಿಗಳ ಅಧ್ಯಯನ ಸಾಕ್ಷಿಯಾಗಿದೆ. 2001ರಲ್ಲಿ ಪ್ರಕಟವಾದ ಅದರಲ್ಲಿ, ಕುಡಿಯುವ ಅಭ್ಯಾಸದ ಮೇಲೆ ಜೀನುಗಳ ಪ್ರಭಾವ ಪಟ್ಟಣಗಳಲ್ಲಿ ಹೆಚ್ಚಾಗಿಯೂ ಹಳ್ಳಿಗಳಲ್ಲಿ ಕಡಿಮೆಯಾಗಿಯೂ ಕಂಡುಬಂತು. ಹಳ್ಳಿಗಳಲ್ಲಿ ಸುತ್ತಲಿನವರ ಪ್ರಭಾವವೇ ಮೇಲುಗೈ ಪಡೆದಿತ್ತು. ಮದ್ಯ ಸುಲಭವಾಗಿ ಸಿಗುವ, ಕಣ್ಣಿಟ್ಟು ನೋಡುವವರು ಇಲ್ಲದ ಕಡೆ ಒಳಗಿನ ಒಲವು ತನ್ನ ಕೆಲಸವನ್ನು ಮಾಡಿಯೇ ತೀರುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಜೀನು ಬದಲಾಗಲಿಲ್ಲ, ನೆರಳು ಬದಲಾಯಿತು.

ಹಾಗಾದರೆ ತಂದೆಯಿಂದ ಮಗನಿಗೆ ಬರುವುದು ನಿಜವಾಗಿ ಏನು? ಕುಡಿತದ ಜೀನು ಎಂಬ ಒಂದು ಜೀನು ಇಲ್ಲ. ಲಕ್ಷಾಂತರ ಜನರ ಡಿಎನ್‌ಎಯನ್ನು ಹೋಲಿಸಿದ ಅಧ್ಯಯನಗಳಲ್ಲಿ ಅನೇಕ ಜಾಗಗಳು ಸಿಕ್ಕಿವೆ, ಒಂದೊಂದರ ಪ್ರಭಾವವೂ ತೀರಾ ಚಿಕ್ಕದು. ಆದರೆ ಸ್ವಭಾವದಲ್ಲಿ, ದೇಹದಲ್ಲಿ ಕಣ್ಣಿಗೆ ಕಾಣುವ ಕೆಲವು ಸಂಗತಿಗಳಿವೆ, ಅವುಗಳಲ್ಲಿ ಒಂದು ನನ್ನನ್ನು ಬಹಳ ದಿನ ಕಾಡಿತು. ಚಿಕ್ಕಪ್ಪ ಯೌವನದಲ್ಲಿ ಇಡೀ ಲೈನಿನಲ್ಲಿ ಹೆಸರಾಗಿದ್ದುದು ಎಷ್ಟು ಕುಡಿದರೂ ಅಲುಗಾಡದವರು ಎಂದು. ಉಳಿದವರು ಎರಡನೆಯ ಲೋಟಕ್ಕೇ ತೊದಲುವಾಗ ಅವರು ಮರದ ಮೇಲೆ ಹತ್ತಿ ಮೆಣಸು ಕೊಯ್ಯಬಲ್ಲವರಾಗಿದ್ದರು. ಅದನ್ನು ಎಲ್ಲರೂ ಗಂಡಸುತನವೆಂದು ಹೊಗಳುತ್ತಿದ್ದರು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮಾರ್ಕ್ ಶುಕಿಟ್ ಎಂಬ ವೈದ್ಯರು ಇಪ್ಪತ್ತರ ಹರೆಯದ ಇನ್ನೂರಕ್ಕೂ ಹೆಚ್ಚು ಯುವಕರಿಗೆ ಅಳತೆಯ ಮದ್ಯ ಕೊಟ್ಟು, ಅವರಿಗೆ ಎಷ್ಟು ಅಮಲೇರಿತು, ದೇಹ ಎಷ್ಟು ತೂರಾಡಿತು ಎಂದು ದಾಖಲಿಸಿ, ಸುಮಾರು ಹತ್ತು ವರ್ಷದ ನಂತರ ಅವರನ್ನು ಮತ್ತೆ ಹುಡುಕಿ ಮಾತನಾಡಿಸಿದರು. 1994ರಲ್ಲಿ ಪ್ರಕಟವಾದ ಈ ಕೆಲಸದ ಪ್ರಕಾರ, ಆ ಯುವಕರೊಳಗೆ ಕುಡಿತದ ರೋಗಿಗಳ ಮಕ್ಕಳಾಗಿದ್ದು ಮದ್ಯಕ್ಕೆ ಕಡಿಮೆ ಸ್ಪಂದಿಸಿದವರ ಪೈಕಿ ಶೇಕಡ 56 ಜನ ಮುಂದೆ ತಾವೇ ರೋಗಿಗಳಾಗಿದ್ದರು. ಬೇಗ ಅಮಲೇರಿದವರಲ್ಲಿ ಶೇಕಡ 14 ಮಾತ್ರ. ‘ಸಾಕು’ ಎಂದು ದೇಹ ಕೊಡಬೇಕಾದ ಎಚ್ಚರಿಕೆ ತಡವಾಗಿ ಬರುವವನು ಪ್ರತಿ ಸಲವೂ ಹೆಚ್ಚು ಕುಡಿಯುತ್ತಾನೆ, ಹೆಚ್ಚು ಕುಡಿಯುವವರ ಜೊತೆಗೇ ಸೇರುತ್ತಾನೆ. ಸಹವಾಸವು ಚಿಕ್ಕಪ್ಪನನ್ನು ಆರಿಸಿಕೊಂಡಿತು ಎನ್ನುವುದಕ್ಕಿಂತ ಅವರ ದೇಹವೇ ಆ ಸಹವಾಸವನ್ನು ಆರಿಸಿಕೊಟ್ಟಿತು ಎನ್ನುವುದು ಹೆಚ್ಚು ಸರಿ. ನಾವು ಚಪ್ಪಾಳೆ ತಟ್ಟಿದ್ದು ರೋಗದ ಮುನ್ಸೂಚನೆಗೆ.

ಇದರ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ಆನುವಂಶಿಕ ಗುಣವೂ ಇದೆ. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಬದಲಾಗುತ್ತದೆ. ಪೂರ್ವ ಏಷ್ಯಾದ ಅನೇಕರಲ್ಲಿ ಈ ಎರಡನೆಯ ಹೆಜ್ಜೆಯ ಕಿಣ್ವ ದುರ್ಬಲವಾಗಿರುವುದರಿಂದ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ. ಅಂಥವರು ವ್ಯಸನಿಗಳಾಗುವುದು ಬಹಳ ಕಡಿಮೆ. ನಮ್ಮ ದೇಶದಲ್ಲಿ ಈ ರಕ್ಷಣೆ ಅಪರೂಪ. 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕಂಡುಕೊಂಡ ಡೈಸಲ್ಫಿರಾಮ್ ಮಾತ್ರೆ ಇದೇ ಸ್ಥಿತಿಯನ್ನು ಔಷಧದ ಮೂಲಕ ಉಂಟುಮಾಡುತ್ತದೆ. ಹೇಳಲೇಬೇಕಾದ ಒಂದು ಮಾತೆಂದರೆ, ‘ಅವರಿಗೆ ತಿಳಿಯದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂದು ಗೋಡೆಗಳ ಮೇಲೆ ಜಾಹೀರಾತು ಬರೆಸಿ ಮಾರುವ ಪುಡಿಗಳನ್ನು ದಯವಿಟ್ಟು ಯಾರೂ ತರಬಾರದು. ಅದರಲ್ಲಿ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಒಂದು ವೇಳೆ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಮಿದುಳಿನ ಮಾತಿಗೆ ಬಂದರೆ ನಾವು ದೂರ ಹೋಗಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ಹೆನ್ರಿ ಬೆಗ್‌ಲೈಟರ್ 1984ರಲ್ಲಿ, ಇನ್ನೂ ಕುಡಿತದ ಗಂಧವಿಲ್ಲದ ಹುಡುಗರ ತಲೆಗೆ ತಂತಿ ಜೋಡಿಸಿ ನೋಡಿದಾಗ, ಗಮನಾರ್ಹ ಸಂಕೇತವೊಂದು ಎದುರಾದ ಕೂಡಲೆ ಮಿದುಳಿನಲ್ಲಿ ಏಳುವ ಪಿ300 ಎಂಬ ವಿದ್ಯುತ್ ಅಲೆ ರೋಗಿಗಳ ಮಕ್ಕಳಲ್ಲಿ ಕುಗ್ಗಿರುವುದನ್ನು ತೋರಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ನಮ್ಮದೇ ಜನರಲ್ಲಿ ಇದನ್ನು ಪರೀಕ್ಷಿಸಿ, ಕುಟುಂಬದಿಂದ ಬರುವ ಅಪಾಯ ಹೆಚ್ಚಿದಷ್ಟೂ ಅಲೆಯ ಎತ್ತರ ಕುಗ್ಗುತ್ತದೆ ಎಂದು 1995ರಲ್ಲಿ ವರದಿ ಮಾಡಿದರು. 2007ರಲ್ಲಿ, ಅಂಥ ಕುಟುಂಬಗಳ, ಇನ್ನೂ ಮದ್ಯ ಮುಟ್ಟದ ಯುವಕರ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಕಡಿಮೆಯಿರುವುದನ್ನೂ, ಅದು ಅವರ ಚಡಪಡಿಕೆ ಮತ್ತು ದುಡುಕಿನ ಸ್ವಭಾವಕ್ಕೆ ಹೊಂದಿಕೊಂಡಿರುವುದನ್ನೂ ತೋರಿಸಿದರು. ಏಳನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ, ಒಂದು ಕಡೆ ಕೂರಲಾರದ, ಬೈಸಿಕೊಳ್ಳುವುದೇ ಬಾಲ್ಯವಾಗಿದ್ದ ಚಿಕ್ಕಪ್ಪನ ಬಗ್ಗೆ ಅಜ್ಜಿ ಹೇಳುತ್ತಿದ್ದ ಕತೆಗಳು ಈ ಪ್ರಬಂಧವನ್ನು ಓದುವಾಗ ಒಂದೊಂದಾಗಿ ನೆನಪಾದವು. ಕುಡಿತ ಆಮೇಲೆ ಬಂದದ್ದು. ಮಿದುಳಿನ ತಡೆ ಗಟ್ಟಿಯಾಗಲು ಹೆಚ್ಚು ಸಮಯ ಬೇಕಾಗಿದ್ದ ಹುಡುಗನೊಬ್ಬ ಮೊದಲೇ ಇದ್ದ.

ಆ ಹುಡುಗನಿಗೆ ಮೊದಲ ಗುಟುಕು ಕೊಟ್ಟವರು ಅಜ್ಜನೇ. ಆಷಾಢದ ಮಳೆಯಲ್ಲಿ ಗದ್ದೆಯಿಂದ ನೆನೆದು ಬಂದ ಹನ್ನೊಂದು ವರ್ಷದ ಮಗನಿಗೆ, ಮೈ ಬೆಚ್ಚಗಾಗಲಿ ಎಂದು ಪ್ರೀತಿಯಿಂದಲೇ ತಮ್ಮ ಲೋಟದಿಂದ ಕೊಟ್ಟರಂತೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ದೇಹದ ಒಳಗಿನ ಶಾಖವನ್ನು ಕಳೆಯುತ್ತದೆ. ಇದು ಅಜ್ಜನಿಗೆ ಗೊತ್ತಿರಲಿಲ್ಲ. ಹದಿನೈದು ವರ್ಷಕ್ಕೆ ಮೊದಲೇ ಕುಡಿಯಲು ಆರಂಭಿಸಿದವರಲ್ಲಿ ಶೇಕಡ 40ರಷ್ಟು ಮಂದಿ ಜೀವನದ ಯಾವುದೋ ಘಟ್ಟದಲ್ಲಿ ವ್ಯಸನಕ್ಕೆ ಬಿದ್ದಿದ್ದರು, ಇಪ್ಪತ್ತರ ನಂತರ ಆರಂಭಿಸಿದವರಲ್ಲಿ ಈ ಪ್ರಮಾಣ ಶೇಕಡ 10ರಷ್ಟು ಮಾತ್ರ ಎಂಬ ಅಮೆರಿಕದ 1997ರ ವರದಿ ಪ್ರಸಿದ್ಧವಾಗಿದೆ. ಬೇಗ ಆರಂಭಿಸುವ ಗುಣವೂ ಭಾಗಶಃ ಆನುವಂಶಿಕವಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ನಮ್ಮ ತಂದೆ ಅದೇ ವಯಸ್ಸಿನಲ್ಲಿ ಹಾಸನದ ಹಾಸ್ಟೆಲಿಗೆ ಸೇರಿ ಆ ಮಳೆಗಾಲದ ಲೋಟದಿಂದ ದೂರವಾದರು ಎಂಬುದನ್ನು ನಾನು ಮರೆಯಲಾರೆ.

ಇನ್ನು ತೋಟದ ಬದುಕು. ವಾರದ ಬಟವಾಡೆಯ ಸಂಜೆ ಲೈನ್ ಮನೆಗಳ ಕಡೆಯಿಂದ ಸಂತೆಗೆ ಇಳಿಯುವ ದಾರಿಯಲ್ಲಿ ತರಕಾರಿ ಅಂಗಡಿಗಿಂತ ಮೊದಲು ಮದ್ಯದಂಗಡಿ ಸಿಗುತ್ತಿತ್ತು. ಆಗ ಪ್ಯಾಕೆಟ್ ಸಾರಾಯಿಯ ಕಾಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾದಾಗ ಲೈನಿನ ಹೆಂಗಸರು ಪಾಯಸ ಮಾಡಿದ್ದು ನನಗೆ ನೆನಪಿದೆ. ಕೆಲವೇ ತಿಂಗಳಲ್ಲಿ ಅದೇ ಗಂಡಸರ ಕಿಸೆಯಲ್ಲಿ ಕಡಿಮೆ ದರದ ವಿಸ್ಕಿಯ ಚಿಕ್ಕ ಪ್ಯಾಕೆಟ್ಟುಗಳು ಕಾಣಿಸಿಕೊಂಡವು. ಕುಡಿತ ನಿಲ್ಲಲಿಲ್ಲ, ಅದಕ್ಕೆ ಹೋಗುವ ಹಣ ಮಾತ್ರ ಹೆಚ್ಚಿತು. ತೋಟದ ಧಣಿಗಳೂ ಕ್ಲಬ್ಬಿನಲ್ಲಿ ಕುಡಿಯುತ್ತಿದ್ದರು, ಕೆಲವರು ಪ್ರಮಾಣದಲ್ಲಿ ಚಿಕ್ಕಪ್ಪನಿಗೆ ಕಡಿಮೆಯಿರಲಿಲ್ಲ. ಆದರೆ ಅವರು ಚಾಲಕನಿದ್ದ ಕಾರಿನಲ್ಲಿ ಮನೆಗೆ ಹೋಗುತ್ತಿದ್ದರು, ಇವರು ಆನೆ ಓಡಾಡುವ ಕತ್ತಲೆಯ ದಾರಿಯಲ್ಲಿ ನಡೆದು ಬರಬೇಕಾಗಿತ್ತು. ಅವರು ಊಟ ಮಾಡಿ ಕುಡಿಯುತ್ತಿದ್ದರು, ಇವರು ಊಟದ ದುಡ್ಡಿನಲ್ಲಿ ಕುಡಿಯುತ್ತಿದ್ದರು. ಸ್ಕಾಟ್‌ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಒಂದೇ ಪ್ರಮಾಣದಲ್ಲಿ ಕುಡಿದರೂ ಬಡವರಿಗೆ ಆಗುವ ಹಾನಿ ಉಳ್ಳವರಿಗಿಂತ ಹೆಚ್ಚು, ಧೂಮಪಾನ, ದೇಹದ ತೂಕಗಳ ಲೆಕ್ಕ ತೆಗೆದರೂ ಆ ಅಂತರ ಉಳಿಯುತ್ತದೆ ಎಂದು ಹೇಳಿದೆ. ನಮ್ಮ ಕಡೆಯ ಯಾವ ಬಟವಾಡೆಯ ಸಂಜೆಯನ್ನು ನೋಡಿದವರಿಗೂ ಇದು ಆಶ್ಚರ್ಯದ ಮಾತಲ್ಲ.

ಸಮಾಜದ ಕೈ ಎಷ್ಟು ಬಲವಾದದ್ದು ಎನ್ನುವುದಕ್ಕೆ ನಮ್ಮ ದೇಶದ ಇನ್ನೊಂದು ಅಂಕಿ ಸಾಕು. ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 10ರಿಂದ 75 ವರ್ಷದ ಗಂಡಸರಲ್ಲಿ ಶೇಕಡ 27.3 ಮಂದಿ ಮದ್ಯ ಸೇವಿಸುವವರಾದರೆ ಹೆಂಗಸರಲ್ಲಿ ಶೇಕಡ 1.6 ಮಾತ್ರ. ಹದಿನೇಳು ಪಟ್ಟು ಅಂತರ. ಅಣ್ಣ ತಂಗಿಯರು ಒಂದೇ ತಂದೆ ತಾಯಿಯ ಜೀನುಗಳನ್ನು ಹಂಚಿಕೊಂಡವರು. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಜೀನೂ ಮಾಡಲಾರದು. ಅಜ್ಜನಿಗೆ ಒಬ್ಬ ಮಗಳೂ ಇದ್ದರು. ಅದೇ ರಕ್ತದ ಅತ್ತೆಯ ಬಗ್ಗೆ ‘ಅಪ್ಪನ ರಕ್ತ’ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ಆ ರಕ್ತ ಏನು ಮಾಡಬಲ್ಲದು ಎಂದು ತೋರಿಸಲು ಆಕೆಗೆ ಯಾರೂ ಲೋಟ ಕೊಡಲಿಲ್ಲ.

‘ಮದುವೆ ಮಾಡಿದರೆ ಸರಿ ಹೋಗುತ್ತಾನೆ’ ಎಂದು ಚಿಕ್ಕಪ್ಪನಿಗೂ ಮದುವೆ ಮಾಡಿದರು. ಈ ನಂಬಿಕೆಯ ಬಗ್ಗೆಯೂ ಸಂಶೋಧನೆಯಿದೆ ಎಂದು ತಿಳಿದಾಗ ನಾನು ಬೆರಗಾದೆ. ಕೆನೆತ್ ಕೆಂಡ್ಲರ್ ಮತ್ತು ಸಂಗಡಿಗರು ಸ್ವೀಡನ್ನಿನ ಲಕ್ಷಾಂತರ ಜನರ ದಾಖಲೆಗಳಿಂದ 2016ರಲ್ಲಿ ತೋರಿಸಿದಂತೆ, ಮದುವೆಯಾದವರಲ್ಲಿ ಈ ರೋಗ ಹೊಸದಾಗಿ ಹುಟ್ಟುವ ಸಂಭವ ನಿಜವಾಗಿಯೂ ಬಹಳ ಕಡಿಮೆ, ಕುಟುಂಬದಲ್ಲಿ ರೋಗವಿದ್ದವರಿಗೆ ಈ ರಕ್ಷಣೆ ಇನ್ನೂ ಹೆಚ್ಚು. ಸಂಗಾತಿಯೇ ಆ ರೋಗದವರಾಗಿದ್ದರೆ ಮಾತ್ರ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಅದು ರೋಗ ಇನ್ನೂ ಹುಟ್ಟದವರ ಲೆಕ್ಕ. ಈಗಾಗಲೇ ತೀವ್ರವಾಗಿ ಕುಡಿಯುತ್ತಿರುವವನಿಗೆ ಒಬ್ಬ ಹುಡುಗಿಯನ್ನು ಔಷಧದಂತೆ ತಂದು ಕೊಡುವುದಕ್ಕೆ ಇದರಲ್ಲಿ ಯಾವ ಸಮರ್ಥನೆಯೂ ಇಲ್ಲ. ನಮ್ಮ ಚಿಕ್ಕಮ್ಮ ಹದಿನೆಂಟು ವರ್ಷ ಹಾಗೆ ಬದುಕಿದರು.

ಈಗ ಆ ಕಾರ್ತಿಕ ಮಾಸದ ವಿಷಯ. ಅರೇಬಿಕಾ ಹಣ್ಣು ಕೊಯ್ಲು ಆರಂಭವಾಗುವ ಹೊತ್ತು. ಚಿಕ್ಕಮ್ಮನ ಕಣ್ಣೀರಿಗೆ ಸೋತು ಚಿಕ್ಕಪ್ಪ ಅಯ್ಯಪ್ಪನ ಮಾಲೆ ಹಾಕಿಕೊಳ್ಳಲು ಒಪ್ಪಿದರು. ಭಾನುವಾರ ರಾತ್ರಿ ಕೊನೆಯ ಪ್ಯಾಕೆಟ್. ಸೋಮವಾರ ಬೆಳಿಗ್ಗೆ ತಣ್ಣೀರು ಮಿಂದು, ಕಪ್ಪು ಪಂಚೆ ಉಟ್ಟು, ಮಾಲೆ ಧರಿಸಿದರು, ಮನೆಯೆಲ್ಲ ಹಬ್ಬದಂತಿತ್ತು. ಸಂಜೆಗೆ ಕೈ ನಡುಕ ಹೆಚ್ಚಿತು, ಬೆವರು ಹರಿಯಿತು. ಮಂಗಳವಾರ ಮಧ್ಯಾಹ್ನ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಟ್ಟು, ಮುಖಕ್ಕೆ ನೀರು ಚಿಮುಕಿಸಿ ‘ವ್ರತದಲ್ಲಿ ಏನೋ ತಪ್ಪಾಗಿದೆ’ ಎಂದುಕೊಂಡೆವು. ಬುಧವಾರ ರಾತ್ರಿ ಅವರು ಗೋಡೆಗೆ ಆತು ಕುಳಿತು, ಎದುರಿನ ಬರಿಗಾಳಿಯಿಂದ ಎರಡೂ ಕೈಗಳಲ್ಲಿ ಹಣ್ಣು ಬಿಡಿಸತೊಡಗಿದರು. ಎಡಗೈಯಲ್ಲಿ ಕಾಣದ ಕಾಫಿ ರೆಂಬೆಯನ್ನು ಬಾಗಿಸಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಒಂದೊಂದೇ ಹಣ್ಣನ್ನು ತಿರುಚಿ, ಸೊಂಟದಲ್ಲಿಲ್ಲದ ಬುಟ್ಟಿಗೆ ಹಾಕುತ್ತಿದ್ದರು. ಹಸಿರು ಕಾಯಿ ಬಂತೇನೋ, ಒಂದನ್ನು ಮಾತ್ರ ಬಿಟ್ಟು ಮುಂದೆ ಹೋದರು. ನಡುನಡುವೆ ‘ಕಂಬಳಿ ತುಂಬ ಕೆಂಜಿಗ, ಕೊಡವಿ’ ಎಂದು ಕೂಗುತ್ತಿದ್ದರು. ಗಾಳಿ ಸೋಕಿದೆ ಎಂದು ಯಾರೋ ಭಸ್ಮ ತರಲು ಓಡಿದರು.

ಅದು ಗಾಳಿಯಲ್ಲ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟಿನ ಕೆಲಸವನ್ನು ತಡೆಯುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಇದಕ್ಕೆ ಹೊಂದಿಕೊಂಡು, ಶಾಂತಗೊಳಿಸುವ ವ್ಯವಸ್ಥೆಯನ್ನು ಇಳಿಸಿ ಕೆರಳಿಸುವ ವ್ಯವಸ್ಥೆಯನ್ನು ಏರಿಸಿಕೊಂಡು ಸಮತೋಲ ಸಾಧಿಸುತ್ತದೆ. ಮದ್ಯವೆಂಬ ಎದುರು ಭಾರವನ್ನು ಒಮ್ಮೆಲೆ ತೆಗೆದರೆ ತಕ್ಕಡಿ ಬಡಿದು ಬೀಳುತ್ತದೆ. ಕೊನೆಯ ಗುಟುಕಿನ 6ರಿಂದ 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯೊಳಗೆ ಭ್ರಮೆ, ದಿಕ್ಕು ತಪ್ಪುವಿಕೆ, ಜ್ವರ, ಏರಿದ ನಾಡಿಗಳಿಂದ ಕೂಡಿದ ಡೆಲಿರಿಯಂ ಟ್ರೆಮೆನ್ಸ್. ನಮ್ಮ ಮನೆಯಲ್ಲಿ ಪುಸ್ತಕದಲ್ಲಿದ್ದಂತೆಯೇ ನಡೆದುಹೋಯಿತು. ರೋಗಿ ತಾನು ದಿನವೂ ಮಾಡುವ ಕೆಲಸವನ್ನೇ ಗಾಳಿಯಲ್ಲಿ ಮಾಡುವುದು ಇದರ ಪರಿಚಿತ ಲಕ್ಷಣ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುತ್ತಾರೆ. ಡಯಜಿಪಾಮ್ ಅಥವಾ ಲೊರಾಜಿಪಾಮ್ ಜಾತಿಯ ಔಷಧಗಳನ್ನು ಕೊಟ್ಟು ಮಿದುಳನ್ನು ಮೆಲ್ಲಗೆ ಇಳಿಸಿದರೆ ಬಹುಪಾಲು ಜನ ಬದುಕುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಬೇಕು. ಅದಿಲ್ಲದೆ ಬರಿಯ ಗ್ಲೂಕೋಸ್ ಏರಿಸಿದರೆ ನೆನಪಿನ ಕೇಂದ್ರಗಳಿಗೇ ಪೆಟ್ಟಾಗುವ ಅಪಾಯವಿದೆ. ನಾವು ಮೊದಲು ಹೋದ ಕಡೆ ‘ಕುಡುಕರಿಗೆಲ್ಲ ಇಲ್ಲಿ ಬೆಡ್ ಇಲ್ಲ’ ಎಂದು ಬಾಗಿಲಲ್ಲೇ ಹೇಳಿದರು. ಎರಡನೆಯ ಕಡೆ ಸೇರಿಸಿಕೊಳ್ಳುವಷ್ಟರಲ್ಲಿ ಗುರುವಾರ ಬೆಳಗಾಗಿತ್ತು. ಪ್ರಾಣ ಉಳಿಯಿತು.

ಹೀಗಾಗಿ ನಾನು ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ: ದಿನವೂ ಬೆಳಿಗ್ಗೆಯಿಂದಲೇ ಕುಡಿಯುವವರು ಮಾಲೆ ಹಾಕುವ ಮೊದಲು, ಶಿಬಿರಕ್ಕೆ ಸೇರುವ ಮೊದಲು ವೈದ್ಯರನ್ನು ಕಾಣಬೇಕು. ವ್ರತದ ವಿರುದ್ಧ ನನಗೆ ಏನೂ ಇಲ್ಲ. ಧರ್ಮಸ್ಥಳದ ಯೋಜನೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ನಾನು ಕಂಡದ್ದು ಒಂದು ದೊಡ್ಡ ಸತ್ಯ. ಕುಡಿತ ಬಿಟ್ಟವನಿಗೆ ಸಂಜೆಯ ಹೊತ್ತು ಕೂತು ಮಾತನಾಡಲು ಹೊಸ ಜೊತೆಗಾರರು ಬೇಕು, ಅದನ್ನು ಯಾವ ಮಾತ್ರೆಯೂ ಕೊಡಲಾರದು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮದ್ಯಕ್ಕೆ ಒಗ್ಗಿದ ಇಲಿಗಳಿಗೆ ಅದರ ಬದಲು ಸಿಹಿನೀರನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಾಗ ಹೆಚ್ಚಿನವು ಸಿಹಿಯ ಕಡೆಗೇ ಹೋದವು. ಸುಮಾರು ಶೇಕಡ 15ರಷ್ಟು ಮಾತ್ರ ಮದ್ಯವನ್ನೇ ಆರಿಸಿದವು, ಅವುಗಳ ಮಿದುಳಿನ ಅಮಿಗ್ಡಲಾ ಎಂಬ ಭಾಗದಲ್ಲಿ ಗಾಬಾವನ್ನು ಹೀರಿ ತೆಗೆಯುವ ಪ್ರೋಟೀನ್ ಒಂದು ಕಡಿಮೆಯಿತ್ತು. ಆ ಹದಿನೈದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಉಳಿದ ಎಂಬತ್ತೈದೂ ಅಷ್ಟೇ ಮುಖ್ಯವಾಗಿ ಕಂಡವು. ಭಾನುವಾರದ ಸಂಜೆ ಲೈನ್ ಮನೆಯ ಒಬ್ಬ ಯುವಕನ ಮುಂದೆ ನಾವು ಇಟ್ಟಿರುವ ಎರಡನೆಯ ಬಟ್ಟಲು ಯಾವುದು?

ನೆರವು ತಲುಪುವುದು ಎಷ್ಟು ವಿರಳವೆಂದರೆ, 2019ರ ಅದೇ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಹಾಗೆಂದು ಎಲ್ಲದಕ್ಕೂ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಹಾನಿಕರವಾಗಿ ಕುಡಿಯುತ್ತಿದ್ದ, ಆದರೆ ಇನ್ನೂ ಪೂರ್ತಿ ಅವಲಂಬಿತರಾಗದ ಗಂಡಸರ ಜೊತೆ ಕೆಲವೇ ಸಲ ಕೂತು ಮಾತನಾಡಿಸಿದಾಗ, ಮೂರು ತಿಂಗಳ ನಂತರ ಶೇಕಡ 36 ಮಂದಿ ಆ ಸ್ಥಿತಿಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಶೇಕಡ 26. ಅದು 2017ರಲ್ಲಿ ಪ್ರಕಟವಾಯಿತು. ಚಿಕ್ಕಪ್ಪನಿಗೆ ಮೂರೇ ಲಕ್ಷಣಗಳಿದ್ದ ಆ ಕಾಲದಲ್ಲಿ ಅಂಥ ಒಬ್ಬರು ನಮ್ಮ ಲೈನಿನ ಜಗಲಿಗೆ ಬಂದು ಕೂತಿದ್ದರೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಹಾತೊರೆಯುವಿಕೆಯನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ನಮ್ಮಲ್ಲಿ ದೊರೆಯುತ್ತವೆ. ಮಾತನಾಡಲು ಯಾರೂ ಇಲ್ಲದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಚಿಕ್ಕಪ್ಪ ಕುಡಿತ ಬಿಟ್ಟು ಆರು ವರ್ಷವಾಯಿತು. ಹಳೆಯದೆಲ್ಲ ನೆನಪಿದೆ, ಇವತ್ತು ಬೆಳಿಗ್ಗೆ ಆದದ್ದು ಉಳಿಯುವುದಿಲ್ಲ. ದಿನಕ್ಕೆ ನಾಲ್ಕು ಸಲ ‘ಬಟವಾಡೆ ಆಯಿತೇ?’ ಎಂದು ಕೇಳುತ್ತಾರೆ.

ಕಳೆದ ಜನವರಿಯಲ್ಲಿ ಅವರ ಮಗ, ಹಾಸನದಲ್ಲಿ ಪಿಯುಸಿ ಓದುತ್ತಿರುವ ಹುಡುಗ, ಕಣದಲ್ಲಿ ಕಾಫಿ ಹರವುವಾಗ ನನ್ನನ್ನು ಕೇಳಿದ: ‘ಅಕ್ಕಾ, ನಾನೂ ಹೀಗೇ ಆಗುತ್ತೇನಾ?’ ನಾನು ಅವನಿಗೆ ಡೆನ್ಮಾರ್ಕಿನ ಲೆಕ್ಕವನ್ನು ಮುಚ್ಚಿಡದೆ ಹೇಳಿದೆ. ನಿನ್ನ ಅಪಾಯ ನಿನ್ನ ಗೆಳೆಯರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚಿರಬಹುದು, ಆದರೆ ನಿನ್ನಂಥ ನೂರು ಹುಡುಗರಲ್ಲಿ ಎಂಬತ್ತೆರಡು ಮಂದಿಗೆ ಆ ವಯಸ್ಸಿನವರೆಗೆ ಏನೂ ಆಗಿರಲಿಲ್ಲ ಎಂದೆ. ಹಾಸ್ಟೆಲಿನಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಇನ್ನಷ್ಟು ವರ್ಷ ಮುಂದಕ್ಕೆ ಹಾಕು, ಎಂದಾದರೂ ಕುಡಿದು ‘ನಿನಗೆ ಏರುವುದೇ ಇಲ್ಲವಲ್ಲೋ’ ಎಂದು ಹೊಗಳಿದರೆ ಆ ದಿನವೇ ನನಗೆ ಫೋನ್ ಮಾಡು ಎಂದೆ. ಅವನು ತಲೆಯಾಡಿಸಿ, ಗೋರೆಯನ್ನು ತಂದೆಯ ಕೈಗೆ ಕೊಟ್ಟ. ಚಿಕ್ಕಪ್ಪ ಎದ್ದು, ಸಾಲು ತಪ್ಪದ ಹಾಗೆ, ಒಂದು ಕಡೆಯಿಂದ ಕಾಫಿಯನ್ನು ಮಗುಚುತ್ತ ಹೋದರು.